ಅಂಗಾಲಿನ ಚರ್ಮದ ಸ್ಲೈಡ್‌ನಲ್ಲಿ ಐದು ಪದರಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಪ್ರಥಮ ವರ್ಷದ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಅಂಗಾಂಶಶಾಸ್ತ್ರದ ಪ್ರಾಯೋಗಿಕ ತರಗತಿಗಾಗಿ ಎರಡು ವಾರಗಳಿಂದ ಚರ್ಮದ ಎರಡು ಸ್ಲೈಡ್‌ಗಳನ್ನು ನೋಡುತ್ತಿದ್ದೇನೆ. ಒಂದು ಅಂಗಾಲಿನದು, ಇನ್ನೊಂದು ಮುಂಗೈಯದು. ಎರಡಕ್ಕೂ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣಗಳನ್ನು ಹಾಕಲಾಗಿದೆ. ಪಠ್ಯಪುಸ್ತಕದ ಚಿತ್ರದಲ್ಲಿ ಹೊರಚರ್ಮದ ಐದು ಪದರಗಳು ಒಂದರ ಮೇಲೊಂದು ಗೆರೆ ಎಳೆದಂತೆ ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ನನ್ನ ಅಂಗಾಲಿನ ಸ್ಲೈಡ್‌ನಲ್ಲಿ ನಿಚ್ಚಳವಾಗಿ ಕಾಣುವುದು ಮೂರೇ ಪಟ್ಟಿಗಳು: ಕೆಳಗೆ ಒತ್ತಾದ ನೀಲಿ, ಅದರ ಮೇಲೆ ತಿಳಿ ನೇರಳೆ, ಎಲ್ಲಕ್ಕಿಂತ ಮೇಲೆ ಬಹಳ ದಪ್ಪನೆಯ ಗುಲಾಬಿ.

ನನ್ನನ್ನು ಕಾಡುತ್ತಿರುವ ಸಂಗತಿಗಳು ಇನ್ನೂ ಮೂರಿವೆ. ನೇರಳೆ ಪಟ್ಟಿಯ ನಡುವೆ ಅಲ್ಲಲ್ಲಿ ದುಂಡನೆಯ ಗುಲಾಬಿ ದ್ವೀಪಗಳಿದ್ದು, ಅವುಗಳ ಸುತ್ತ ನೀಲಿ ಕೋಶಕೇಂದ್ರಗಳು ಉಂಗುರದಂತೆ ನಿಂತಿವೆ. ಇವು ಯಾವ ರಚನೆಗಳೆಂದು ತಿಳಿಯುತ್ತಿಲ್ಲ. ಎರಡನೆಯದಾಗಿ, ಅದೇ ಪಟ್ಟಿಯಲ್ಲಿ ಕೆಲವು ಜೀವಕೋಶಗಳಿಗೆ ಕೋಶಕೇಂದ್ರವೇ ಕಾಣುವುದಿಲ್ಲ. ಅವು ಆಗಲೇ ಸತ್ತಿವೆಯೇ? ಕೊನೆಯದಾಗಿ, ಮುಂಗೈಯ ಸ್ಲೈಡ್‌ನಲ್ಲಿ ಸ್ಟ್ರೇಟಂ ಗ್ರ್ಯಾನ್ಯುಲೋಸಂ (ಕಾಳುಗಳಿರುವ ಪದರ) ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿದೆ, ಅದರ ಮೇಲಿರಬೇಕಾದ ಸ್ಟ್ರೇಟಂ ಲ್ಯೂಸಿಡಂ (ಗಾಜಿನಂಥ ತೆಳುಪದರ) ಹುಡುಕಿದರೂ ಸಿಗಲಿಲ್ಲ. ಐದು ಪದರಗಳಿವೆ ಎಂದು ಓದಿರುವುದರಿಂದ ಐದನ್ನೂ ಬಿಡಿಸಬೇಕೇ, ಅಥವಾ ಕಂಡಷ್ಟನ್ನೇ ಬಿಡಿಸಬೇಕೇ? ಸ್ಲೈಡ್ ಸರಿಯಿಲ್ಲವೋ, ನನ್ನ ನೋಟವೇ ಸರಿಯಿಲ್ಲವೋ ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಅಂಗಾಂಶಶಾಸ್ತ್ರ ಬೋಧಿಸುವವರು)

ನೀವು ವಿವರಿಸಿರುವುದನ್ನು ನೋಡಿದರೆ ಸ್ಲೈಡ್ ಸರಿಯಾಗಿಯೇ ಇದೆ, ನಿಮ್ಮ ನೋಟವೂ ಸರಿಯಾಗಿದೆ. ಪಠ್ಯಪುಸ್ತಕದ ಚಿತ್ರದಲ್ಲಿರುವ ಗೆರೆಗಳು ಚರ್ಮದಲ್ಲಿ ಇಲ್ಲ, ಅಷ್ಟೇ. ಹೊರಚರ್ಮದ ಪದರಗಳೆಂದರೆ ಒಂದರ ಮೇಲೊಂದು ಹಾಸಿದ ಬೇರೆ ಬೇರೆ ಹಾಳೆಗಳಲ್ಲ. ಬುಡದಲ್ಲಿ ಹುಟ್ಟಿದ ಒಂದೇ ಬಗೆಯ ಜೀವಕೋಶ, ಅಂದರೆ ಕೆರಾಟಿನೋಸೈಟ್, ಮೇಲಕ್ಕೆ ಸರಿಯುತ್ತ ಹೋದಂತೆ ತಾಳುವ ಬೇರೆ ಬೇರೆ ಅವಸ್ಥೆಗಳಿಗೆ ನಾವು ಪದರಗಳೆಂದು ಹೆಸರಿಟ್ಟಿದ್ದೇವೆ. ಆದ್ದರಿಂದ ಎರಡು ಪದರಗಳ ನಡುವಿನ ಗಡಿಯನ್ನು ಹುಡುಕುವುದನ್ನು ಬಿಟ್ಟು, ಬುಡದಿಂದ ಮೇಲಕ್ಕೆ ಒಂದೊಂದೇ ಜೀವಕೋಶವನ್ನು ದಾಟುತ್ತ ಅದರಲ್ಲಿ ಏನು ಬದಲಾಯಿತು ಎಂದು ಕೇಳಿಕೊಂಡರೆ ಪದರಗಳು ತಾವಾಗಿಯೇ ಕಾಣಿಸತೊಡಗುತ್ತವೆ.

ಮೊದಲು 4 ಪಟ್ಟು ವಸ್ತುಮಸೂರದಲ್ಲಿ ಇಡೀ ತುಣುಕನ್ನು ಒಮ್ಮೆ ನೋಡಿ. ಬಹಳಷ್ಟು ವಿದ್ಯಾರ್ಥಿಗಳು ಅವಸರದಲ್ಲಿ ನೇರವಾಗಿ 40ಕ್ಕೆ ಹೋಗಿಬಿಡುತ್ತಾರೆ, ಚರ್ಮದ ವಿಷಯದಲ್ಲಿ ಅದು ದೊಡ್ಡ ತಪ್ಪು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ವಸ್ತುಮಸೂರ ಹಾಕಿದಾಗ ಕಣ್ಣಿಗೆ ಬೀಳುವ ವೃತ್ತದ ಅಗಲ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅಂಗಾಲಿನ ಹೊರಚರ್ಮದ ದಪ್ಪವಾದರೋ ಸುಮಾರು 1.5 ಮಿಲಿಮೀಟರ್‌ವರೆಗೂ ಇರಬಹುದು. ಅಂದರೆ ಬುಡವೂ ತುದಿಯೂ ಒಟ್ಟಿಗೆ ಆ ವೃತ್ತದಲ್ಲಿ ಹಿಡಿಸುವುದೇ ಇಲ್ಲ, ನೀವು ಎಲ್ಲಿದ್ದೀರಿ ಎಂಬ ದಿಕ್ಕೇ ತಪ್ಪುತ್ತದೆ. ಕಣ್ಣುರೆಪ್ಪೆಯ ಹೊರಚರ್ಮ ಸುಮಾರು 0.05 ಮಿಲಿಮೀಟರ್ ಇರುತ್ತದೆ. ಅಂಥದ್ದನ್ನು 40ರಲ್ಲಿ ಇಡಿಯಾಗಿ ನೋಡಬಹುದು, ಅಂಗಾಲನ್ನಲ್ಲ.

ದಿಕ್ಕು ತಿಳಿದ ಮೇಲೆ 40ಕ್ಕೆ ಬಂದು, ಒಳಚರ್ಮದ ಗುಲಾಬಿ ನಾರುಗಳು ಮುಗಿದು ನೀಲಿ ಶುರುವಾಗುವ ಅಂಚಿನಲ್ಲಿ ನಿಲ್ಲಿ. ಅಲ್ಲಿ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಿಂತಿರುವ, ಅಗಲಕ್ಕಿಂತ ಎತ್ತರ ಕೊಂಚ ಹೆಚ್ಚಾಗಿರುವ ಜೀವಕೋಶಗಳೇ ಸ್ಟ್ರೇಟಂ ಬೇಸೇಲ್. ಕೋಶಕೇಂದ್ರ ದೊಡ್ಡದು, ಅದರ ಸುತ್ತಲಿನ ಕೋಶದ್ರವ್ಯ ಕಡಿಮೆ, ಆ ಕೋಶದ್ರವ್ಯದಲ್ಲಿ ರೈಬೋಸೋಮ್‌ಗಳು ಹೇರಳವಾಗಿರುವುದರಿಂದ ಅದೂ ಹೆಮಟಾಕ್ಸಿಲಿನ್ ಹೀರಿ ನೀಲಿಯಾಗುತ್ತದೆ. ನೀವು ಒತ್ತಾದ ನೀಲಿ ಎಂದದ್ದು ಇದನ್ನೇ. ತಾಳ್ಮೆಯಿಂದ ಹುಡುಕಿದರೆ ಈ ಸಾಲಿನಲ್ಲಿ ಎಲ್ಲಾದರೂ ಒಂದು ಜೀವಕೋಶ ವಿಭಜನೆಯ ನಡುವೆ ಸಿಕ್ಕಿಬಿದ್ದದ್ದು ಕಾಣುತ್ತದೆ: ಕೋಶಕೇಂದ್ರದ ಹೊದಿಕೆ ಇಲ್ಲವಾಗಿ ಕ್ರೋಮೋಸೋಮ್‌ಗಳು ಕಡುನೀಲಿ ಗೆರೆಯಾಗಿ ನಿಂತಿರುತ್ತವೆ.

ಇನ್ನು ಒಂದು ಸಾಲು ಮೇಲೆ ಹೋಗಿ. ಜೀವಕೋಶ ದೊಡ್ಡದಾಗಿದೆ, ಬಹುಭುಜಾಕೃತಿ ಪಡೆದಿದೆ, ಕೋಶಕೇಂದ್ರ ದುಂಡಗಾಗಿ ನಡುವೆ ಕುಳಿತಿದೆ, ಕೋಶದ್ರವ್ಯ ನೀಲಿಯಿಂದ ಗುಲಾಬಿಯ ಕಡೆಗೆ ವಾಲಿದೆ. ಒಳಗೆ ಕೆರಾಟಿನ್ ಎಳೆಗಳು ತುಂಬಿಕೊಳ್ಳುತ್ತಿರುವುದರ ಗುರುತು ಅದು. ಬುಡದ ಕೋಶಗಳಲ್ಲಿ 5 ಮತ್ತು 14ನೆಯ ಕೆರಾಟಿನ್‌ಗಳು ಮುಖ್ಯವಾದರೆ, ಬುಡ ಬಿಟ್ಟ ಕೂಡಲೇ 1 ಮತ್ತು 10ನೆಯವು ತಯಾರಾಗತೊಡಗುತ್ತವೆ. ಇದು ಸ್ಟ್ರೇಟಂ ಸ್ಪೈನೋಸಂ, ನಿಮ್ಮ ನೇರಳೆ ಪಟ್ಟಿಯ ಬಹುಪಾಲು ಇದೇ. ಕಂಡೆನ್ಸರ್‌ನ ಡಯಾಫ್ರಮನ್ನು ಸ್ವಲ್ಪ ಮುಚ್ಚಿ ಬೆಳಕನ್ನು ತಗ್ಗಿಸಿದರೆ ಪಕ್ಕಪಕ್ಕದ ಕೋಶಗಳ ನಡುವೆ ಬಾಚಣಿಗೆಯ ಹಲ್ಲಿನಂಥ ಸಣ್ಣ ಸೇತುವೆಗಳು ಕಾಣುತ್ತವೆ. ಜೀವಂತ ಚರ್ಮದಲ್ಲಿ ಕೋಶಗಳ ಮೇಲೆ ಅಂಥ ಮುಳ್ಳುಗಳು ಎದ್ದು ನಿಂತಿರುವುದಿಲ್ಲ. ಅಂಗಾಂಶವನ್ನು ಸಂಸ್ಕರಿಸುವಾಗ ಕೋಶಗಳು ಕುಗ್ಗುತ್ತವೆ. ಆದರೆ ಡೆಸ್ಮೋಸೋಮ್ ಎಂಬ ಬೆಸುಗೆಗಳಿರುವ ಕಡೆ ಅವು ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಹಾಗೆ ಎಳೆದು ನಿಂತ ಜಾಗಗಳೇ ಮುಳ್ಳುಗಳಾಗಿ ಕಂಡು ಪದರಕ್ಕೆ ಆ ಹೆಸರು ತಂದುಕೊಟ್ಟಿವೆ.

ಕೋಶಗಳು ಅಡ್ಡಕ್ಕೆ ಚಪ್ಪಟೆಯಾಗುತ್ತ, ಅವುಗಳೊಳಗೆ ಕಡುನೀಲಿಯ ಒರಟು ಕಾಳುಗಳು ಚೆಲ್ಲಿದಂತೆ ಕಂಡ ಕೂಡಲೇ ನೀವು ಸ್ಟ್ರೇಟಂ ಗ್ರ್ಯಾನ್ಯುಲೋಸಂ ತಲುಪಿದ್ದೀರಿ. ಆ ಕಾಳುಗಳು ಕೆರಟೋಹಯಲಿನ್. ಅವುಗಳಲ್ಲಿರುವ ಪ್ರೊಫಿಲಾಗ್ರಿನ್ ಮುಂದೆ ಫಿಲಾಗ್ರಿನ್ ಆಗಿ ಕೆರಾಟಿನ್ ಎಳೆಗಳನ್ನು ಕಟ್ಟುಕಟ್ಟಾಗಿ ಸೇರಿಸುತ್ತದೆ. ಈ ಪದರ ಅಂಗೈ ಅಂಗಾಲುಗಳಲ್ಲಿ ಹಲವು ಸಾಲುಗಳಷ್ಟು ದಪ್ಪವಿದ್ದರೆ, ಉಳಿದೆಡೆ ಒಂದರಿಂದ ಮೂರು ಸಾಲು ಮಾತ್ರ, ಕೆಲವೆಡೆ ತುಂಡುತುಂಡಾಗಿಯೂ ಇರುತ್ತದೆ. ಮುಂಗೈಯಲ್ಲಿ ನೀವು ಕಂಡದ್ದು ಸಹಜ. ಈ ತೆಳುವಾದ ಸಾಲನ್ನು ಲಘುವಾಗಿ ಎಣಿಸಬೇಡಿ: ಫಿಲಾಗ್ರಿನ್ ಜೀನ್‌ನ ದೋಷವೇ ಇಕ್ಥಿಯೋಸಿಸ್ ವಲ್ಗಾರಿಸ್ ಎಂಬ ಒಣಚರ್ಮದ ಕಾಯಿಲೆಗೆ ಕಾರಣವೆಂದು 2006ರಲ್ಲಿ ಗೊತ್ತಾಯಿತು, ಆ ಕಾಯಿಲೆಯಲ್ಲಿ ಈ ಸಾಲು ತೀರ ಕ್ಷೀಣವಾಗಿರುತ್ತದೆ ಅಥವಾ ಇರುವುದೇ ಇಲ್ಲ.

ಸ್ಟ್ರೇಟಂ ಲ್ಯೂಸಿಡಂ ದಪ್ಪ ಚರ್ಮಕ್ಕೆ ಸೇರಿದ್ದು, ಮುಂಗೈಯಲ್ಲಿ ಅದನ್ನು ಹುಡುಕುವುದೇ ಬೇಡ. ಅಂಗಾಲಿನಲ್ಲಿ ಕಾಳುಗಳು ಮುಗಿದ ಕೂಡಲೇ ಕೋಶಗಳ ಅಂಚು ಕಾಣದ, ಕೋಶಕೇಂದ್ರವಿಲ್ಲದ, ನಯವಾದ ಗಾಜಿನಂಥ ಒಂದು ತೆಳುಪಟ್ಟಿ ಇರುತ್ತದೆ. ಅದರ ಮೇಲಿನ ದಪ್ಪ ಗುಲಾಬಿಯೆಲ್ಲ ಸ್ಟ್ರೇಟಂ ಕಾರ್ನಿಯಂ. ಕಂಡದ್ದನ್ನೇ ಬಿಡಿಸಿ. ಮುಂಗೈಯ ಚಿತ್ರದಲ್ಲಿ ನಾಲ್ಕೇ ಪದರಗಳಿದ್ದರೆ ನಾನು ಅಂಕ ಕಳೆಯುವುದಿಲ್ಲ, ಐದು ಬಿಡಿಸಿದರೆ ಖಂಡಿತ ಕಳೆಯುತ್ತೇನೆ.

ಉತ್ತರ 2 (ಅಂಗಾಂಶ ಪ್ರಯೋಗಾಲಯದ ತಂತ್ರಜ್ಞರು)

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ದ್ವೀಪಗಳ ಬಗ್ಗೆ ಮತ್ತು ಕೋಶಕೇಂದ್ರವಿಲ್ಲದ ಕೋಶಗಳ ಬಗ್ಗೆ ನಾನು ಹೇಳಬಹುದು, ಏಕೆಂದರೆ ಈ ಎರಡೂ ಅಂಗಾಂಶವನ್ನು ತೆಳುವಾಗಿ ಕೊಯ್ಯುವ ಯಂತ್ರವಾದ ಮೈಕ್ರೋಟೋಮ್‌ನ ಅಲಗಿನ ಕೆಳಗೆ ಹುಟ್ಟುವ ಪ್ರಶ್ನೆಗಳು.

ಒಳಚರ್ಮ ಮತ್ತು ಹೊರಚರ್ಮ ಸಂಧಿಸುವ ಮೇಲ್ಮೈ ಸಮತಟ್ಟಾಗಿಲ್ಲ. ಒಳಚರ್ಮವು ಬೆರಳಿನಂಥ ಪ್ಯಾಪಿಲ್ಲಾಗಳನ್ನು ಮೇಲಕ್ಕೆ ಚಾಚುತ್ತದೆ, ಹೊರಚರ್ಮವು ಅವುಗಳ ಸಂದುಗಳಲ್ಲಿ ಏಣುಗಳಾಗಿ ಕೆಳಕ್ಕೆ ಇಳಿಯುತ್ತದೆ. ಹಸಿ ಜೇಡಿಮಣ್ಣಿನ ಮುದ್ದೆಯೊಂದಕ್ಕೆ ಕೆಳಗಿನಿಂದ ಐದು ಬೆರಳುಗಳನ್ನು ಊರಿ, ಹಾಗೆಯೇ ಆ ಮುದ್ದೆಯನ್ನು ಓರೆಯಾಗಿ ಕೊಯ್ದರೆ ಏನು ಕಾಣುತ್ತದೆ ಎಂದು ಊಹಿಸಿಕೊಳ್ಳಿ. ಮಣ್ಣಿನ ನಡುವೆ ಐದು ದುಂಡನೆಯ ಬಿಲ್ಲೆಗಳು ಕಾಣುತ್ತವೆ, ಅವು ಕೈಗೆ ಸೇರಿವೆ ಎಂಬುದು ಆ ಒಂದು ಕೊಯ್ತದಲ್ಲಿ ತಿಳಿಯುವುದಿಲ್ಲ. ನಿಮ್ಮ ಗುಲಾಬಿ ದ್ವೀಪಗಳೂ ಹಾಗೆ ಅಡ್ಡಕ್ಕೆ ಕೊಯ್ಯಲ್ಪಟ್ಟ ಪ್ಯಾಪಿಲ್ಲಾಗಳೇ. ಖಚಿತಪಡಿಸಿಕೊಳ್ಳಲು ದ್ವೀಪದ ನಡುವೆ ನೋಡಿ: ತೆಳು ಕೊಲಾಜನ್ ನಾರುಗಳು, ಜೊತೆಗೆ ಒಂದೆರಡು ಲೋಮನಾಳಗಳು ಇರಬೇಕು. ಸುತ್ತಲಿನ ನೀಲಿ ಉಂಗುರ ಬುಡದ ಕೋಶಗಳದ್ದು, ಏಕೆಂದರೆ ಪ್ಯಾಪಿಲ್ಲಾದ ಮೈತುಂಬ ಹೊದ್ದುಕೊಂಡಿರುವುದು ಅದೇ ಸಾಲು. ಅಕ್ಕಪಕ್ಕದ ಸರಣಿ ಕೊಯ್ತಗಳ ಸ್ಲೈಡ್‌ಗಳು ಸಿಕ್ಕರೆ ಅದೇ ದ್ವೀಪ ಕ್ರಮೇಣ ಹಿಗ್ಗಿ ಒಳಚರ್ಮವನ್ನು ಸೇರಿಕೊಳ್ಳುವುದನ್ನು ಕಣ್ಣಾರೆ ಕಾಣಬಹುದು.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ದ್ವೀಪಗಳು ಹೆಚ್ಚಾಗಿರುವ ಕಡೆ ಕೊಯ್ತ ಓರೆಯಾಗಿದೆ. ಅಂಥಲ್ಲಿ ಬುಡದ ಸಾಲು ಒಂದರ ಬದಲು ನಾಲ್ಕೈದು ಸಾಲುಗಳಂತೆ ತೋರುತ್ತದೆ, ಗ್ರ್ಯಾನ್ಯುಲೋಸಂ ಕೂಡ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಪದರಗಳ ದಪ್ಪವನ್ನು ಅಳೆಯುವುದಾಗಲಿ ಸಾಲುಗಳನ್ನು ಎಣಿಸುವುದಾಗಲಿ ಅಲ್ಲಿ ಬೇಡ. ಪ್ಯಾಪಿಲ್ಲಾವೊಂದು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸಿಕ್ಕಿರುವ ಜಾಗವನ್ನು ಆರಿಸಿಕೊಂಡು ಅಲ್ಲಿಯೇ ಚಿತ್ರ ಬಿಡಿಸಿ.

ಕೋಶಕೇಂದ್ರದ ಪ್ರಶ್ನೆಗೆ ಉತ್ತರ ಬರೀ ಲೆಕ್ಕದ್ದು. ನಾವು ಸಾಮಾನ್ಯವಾಗಿ 4ರಿಂದ 5 ಮೈಕ್ರೋಮೀಟರ್ ದಪ್ಪಕ್ಕೆ ಕೊಯ್ಯುತ್ತೇವೆ. ಸ್ಪೈನೋಸಂನ ಜೀವಕೋಶ ಅದಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ಒಂದೇ ಕೋಶ ಹಲವು ಕೊಯ್ತಗಳಲ್ಲಿ ಹಂಚಿಹೋಗುತ್ತದೆ, ಕೋಶಕೇಂದ್ರ ಅವುಗಳಲ್ಲಿ ಎಲ್ಲದಕ್ಕೂ ಸಿಗುವುದಿಲ್ಲ. ನಿಮ್ಮ ಸ್ಲೈಡ್‌ಗೆ ಆ ಕೋಶದ ಅಂಚು ಬಂದಿದೆ, ಕೋಶಕೇಂದ್ರ ಮುಂದಿನ ಸ್ಲೈಡ್‌ನಲ್ಲಿ ಉಳಿದಿದೆ. ಅಕ್ಕಪಕ್ಕದ ಕೋಶಗಳು ಆರೋಗ್ಯವಾಗಿದ್ದರೆ ಅದೂ ಜೀವಂತವಾಗಿಯೇ ಇದ್ದ ಕೋಶ. ಕಾರ್ನಿಯಂನಲ್ಲಿ ಮಾತ್ರ ಒಂದು ಕೋಶಕ್ಕೂ ಕೋಶಕೇಂದ್ರ ಇರುವುದಿಲ್ಲ, ಅಲ್ಲಿನ ಇಲ್ಲದಿರುವಿಕೆಯೇ ನಿಜವಾದದ್ದು.

ಕಾರ್ನಿಯಂನಲ್ಲಿ ಅಡ್ಡಡ್ಡ ಬಿಳಿ ಬಿರುಕುಗಳು ಕಂಡರೆ ಅವುಗಳನ್ನು ಪದರಗಳ ಗಡಿಯೆಂದು ಬರೆಯಬೇಡಿ. ಅಂಗಾಲಿನ ತುಣುಕನ್ನು ಕೊಯ್ಯುವುದು ನಮ್ಮ ಕೆಲಸದಲ್ಲಿಯೇ ಕಷ್ಟದ ಬಾಬತ್ತು. ಫಾರ್ಮಲಿನ್, ಆಲ್ಕೊಹಾಲ್, ಜೈಲೀನ್, ಬಿಸಿ ಪ್ಯಾರಾಫಿನ್ ಎಲ್ಲ ದಾಟಿ ಬರುವಷ್ಟರಲ್ಲಿ ಕೆರಾಟಿನ್ ಇನ್ನಷ್ಟು ಬಿರುಸಾಗಿ, ಅಲಗು ಅದರ ಮೇಲೆ ಅದುರುತ್ತದೆ. ಬ್ಲಾಕಿನ ಮುಖವನ್ನು ತಣ್ಣೀರಿನಲ್ಲಿ ನೆನೆಸಿ ಮೃದು ಮಾಡಿಕೊಂಡು ಕೊಯ್ದರೂ ಒಂದೆರಡು ಸೀಳುಗಳು ಉಳಿದೇ ಉಳಿಯುತ್ತವೆ. ಮುಂಗೈಯ ಕಾರ್ನಿಯಂ ಬುಟ್ಟಿಯ ಹೆಣಿಗೆಯಂತೆ ಬಿಡಿಬಿಡಿಯಾಗಿ ಕಾಣುವುದಕ್ಕೂ ಸಂಸ್ಕರಣೆಯೇ ಕಾರಣ. ಮೈಮೇಲಿರುವಾಗ ಅದು ಹಾಗೆ ಬಿಚ್ಚಿಕೊಂಡಿರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಇವತ್ತು ಮತ್ತೆ ಕುಳಿತು, ಹೇಳಿದಂತೆ ಬುಡದಿಂದ ಮೇಲಕ್ಕೆ ಒಂದೊಂದೇ ಕೋಶವನ್ನು ದಾಟುತ್ತ ಹೋದೆ. ಗ್ರ್ಯಾನ್ಯುಲೋಸಂ ಸಿಕ್ಕಿತು. ನೇರಳೆ ಪಟ್ಟಿಯ ಮೇಲಂಚಿನ ಕಪ್ಪು ಗೆರೆ ಎಂದು ನಾನು ಇಷ್ಟು ದಿನ ಅಲಕ್ಷಿಸಿದ್ದೇ ಅದು. ದ್ವೀಪವೊಂದರ ನಡುವೆ ಲೋಮನಾಳವೂ, ಅದರೊಳಗೆ ಒಂದೇ ಒಂದು ಕೆಂಪು ರಕ್ತಕಣವೂ ಕಂಡು ಬಹಳ ಸಂತೋಷವಾಯಿತು.

ಈಗ ಹೊಸ ಪ್ರಶ್ನೆ ಎದ್ದಿದೆ. ಮುಂಗೈಯ ಸ್ಲೈಡ್‌ನ ಬುಡದ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ಕೋಶದ ಸುತ್ತ ಬಣ್ಣವೇ ಹಿಡಿಯದ ಖಾಲಿ ವೃತ್ತವಿದ್ದು, ನಡುವೆ ಸಣ್ಣ, ಕಪ್ಪಾದ ಕೋಶಕೇಂದ್ರವಿದೆ. ಅಂಥವೇ ಒಂದೆರಡು ಸ್ಪೈನೋಸಂನ ನಡುವೆಯೂ ಇವೆ. ಇವೆಲ್ಲ ಮೆಲನೋಸೈಟ್‌ಗಳೇ? ಹಾಗಿದ್ದರೆ ಮೆಲನಿನ್ ತಯಾರಿಸುವ ಕೋಶವೇ ಬಣ್ಣವಿಲ್ಲದೆ ಕಾಣುವುದೇಕೆ, ಪಕ್ಕದ ಕೋಶಗಳಲ್ಲಿ ಕಂದು ಕಾಳುಗಳಿರುವುದೇಕೆ?

ಉತ್ತರ 3 (ಚರ್ಮರೋಗ ಅಂಗಾಂಶ ಪರೀಕ್ಷೆಯಲ್ಲಿ ಕೆಲಸ ಮಾಡುವವರು)

ಒಳ್ಳೆಯ ಪ್ರಶ್ನೆ, ನೀವು ಗಮನಿಸಿದ ವೈದೃಶ್ಯವೇ ಅದರ ಉತ್ತರಕ್ಕೆ ದಾರಿ. ಬುಡದ ಸಾಲಿನಲ್ಲಿರುವ ತಿಳಿ ಕೋಶಗಳು ಬಹುಮಟ್ಟಿಗೆ ಮೆಲನೋಸೈಟ್‌ಗಳು. ಅವು ಅಕ್ಕಪಕ್ಕದ ಕೋಶಗಳೊಂದಿಗೆ ಡೆಸ್ಮೋಸೋಮ್‌ಗಳಿಂದ ಬೆಸೆದುಕೊಂಡಿಲ್ಲ, ಹಾಗಾಗಿ ಸಂಸ್ಕರಣೆಯಲ್ಲಿ ಕುಗ್ಗುವಾಗ ಸುತ್ತಲೂ ಜಾಗ ಬಿಟ್ಟು ಒಳಕ್ಕೆ ಸರಿಯುತ್ತವೆ. ಮೆಲನಿನ್ ತಯಾರಿಸುವುದು ಅವುಗಳ ಕೆಲಸವಾದರೂ ಅದನ್ನು ತಮ್ಮಲ್ಲಿಯೇ ಕೂಡಿಟ್ಟುಕೊಳ್ಳುವುದಿಲ್ಲ. ಕವಲೊಡೆದ ಉದ್ದನೆಯ ಚಾಚುಗಳ ಮೂಲಕ ಮೆಲನೋಸೋಮ್‌ಗಳನ್ನು, ಅಂದರೆ ಮೆಲನಿನ್ ತುಂಬಿದ ಕಾಳುಗಳನ್ನು, ಸುತ್ತಲಿನ ಸುಮಾರು 36 ಕೆರಾಟಿನೋಸೈಟ್‌ಗಳಿಗೆ ಹಂಚುತ್ತವೆ. ಆದ್ದರಿಂದ ತಯಾರಿಸಿದ ಕೋಶ ತಿಳಿಯಾಗಿಯೂ ಪಡೆದುಕೊಂಡ ಕೋಶಗಳು ಕಂದಾಗಿಯೂ ಕಾಣುತ್ತವೆ. ಬುಡದ ಸಾಲಿನಲ್ಲಿ ಸುಮಾರು ಹತ್ತು ಕೋಶಗಳಿಗೊಂದು ಮೆಲನೋಸೈಟ್ ಎಂಬುದು ರೂಢಿಯ ಲೆಕ್ಕ, ದೇಹದ ಭಾಗಕ್ಕೆ ತಕ್ಕಂತೆ ಅದು ಹೆಚ್ಚುಕಡಿಮೆಯಾಗುತ್ತದೆ. ಮೈಬಣ್ಣ ಕಪ್ಪಾಗಿರಲಿ ಬೆಳ್ಳಗಿರಲಿ, ಒಂದೇ ಭಾಗದ ಚರ್ಮದಲ್ಲಿ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಮೆಲನೋಸೋಮ್‌ಗಳ ಪ್ರಮಾಣ, ಗಾತ್ರ ಮತ್ತು ಹಂಚಿಕೆಯಲ್ಲಿ.

ಎಣ್ಣೆ ಹಾಕಿ ನೋಡುವ 100 ಪಟ್ಟು ಮಸೂರವಿದ್ದರೆ, ಕಂದು ಕಾಳುಗಳಿರುವ ಒಂದು ಬುಡದ ಕೋಶವನ್ನು ಆರಿಸಿ ಕಾಳುಗಳು ಎಲ್ಲಿ ಕುಳಿತಿವೆ ಎಂದು ನೋಡಿ. ಅವು ಕೋಶದ ತುಂಬ ಸಮನಾಗಿ ಹರಡಿರುವುದಿಲ್ಲ. ಕೋಶಕೇಂದ್ರದ ಮೇಲ್ಭಾಗದಲ್ಲಿ, ಅಂದರೆ ಚರ್ಮದ ಮೇಲ್ಮೈಗೆ ಅಭಿಮುಖವಾದ ಕಡೆಯಲ್ಲಿ, ಕೊಡೆ ಹಿಡಿದಂತೆ ಗುಂಪುಗೂಡಿರುತ್ತವೆ. ನೇರಳಾತೀತ ಕಿರಣಗಳು ಬರುವ ದಿಕ್ಕೇ ಅದು, ಕಾಯಬೇಕಾದ ಡಿಎನ್‌ಎ ಇರುವುದು ಆ ಕೊಡೆಯ ಕೆಳಗೆ. ವರ್ಷಗಳಿಂದ ಇದನ್ನು ನೋಡುತ್ತಿದ್ದರೂ ಸ್ಪಷ್ಟವಾಗಿ ಕಂಡಾಗಲೆಲ್ಲ ನಾನು ಒಂದು ಕ್ಷಣ ಅಲ್ಲಿಯೇ ನಿಲ್ಲುತ್ತೇನೆ.

ಸ್ಪೈನೋಸಂನ ನಡುವೆ ನೀವು ಕಂಡ ತಿಳಿ ಕೋಶಗಳು ಬಹುಶಃ ಬೇರೆಯವು. ಆ ಎತ್ತರದಲ್ಲಿ ಸಾಮಾನ್ಯವಾಗಿ ಇರುವುದು ಲ್ಯಾಂಗರ್‌ಹಾನ್ಸ್ ಕೋಶಗಳು, ರೋಗನಿರೋಧಕ ವ್ಯವಸ್ಥೆಗೆ ಸೇರಿದವು. ಪಾಲ್ ಲ್ಯಾಂಗರ್‌ಹಾನ್ಸ್ ಅವರು ಇವುಗಳನ್ನು ವಿವರಿಸಿದ್ದು 1868ರಲ್ಲಿ. ಆಗ ಅವರಿನ್ನೂ ಬರ್ಲಿನ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಗೋಲ್ಡ್ ಕ್ಲೋರೈಡ್ ಬಳಸಿ ಚರ್ಮಕ್ಕೆ ಬಣ್ಣ ಹಾಕಿದಾಗ ಕವಲೊಡೆದ ಕೋಶಗಳು ಕಂಡವು, ಆ ಕವಲುಗಳನ್ನು ನೋಡಿ ಅವರು ಅವುಗಳನ್ನು ನರಮಂಡಲಕ್ಕೆ ಸೇರಿದವೆಂದು ತಿಳಿದರು. ನಿಮ್ಮ ಸ್ಲೈಡ್‌ನಲ್ಲಿ ಆ ಕವಲುಗಳು ಕಾಣುವುದಿಲ್ಲ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಅವುಗಳನ್ನು ಎತ್ತಿ ತೋರಿಸುವುದಿಲ್ಲ. ಆದ್ದರಿಂದ ಈ ಬಣ್ಣದಲ್ಲಿ ಕೋಶ ಇರುವ ಎತ್ತರವೊಂದನ್ನೇ ನಂಬಿ ಹೆಸರು ಹಚ್ಚುವುದು ಸರಿಯಲ್ಲ. ಖಚಿತವಾಗಬೇಕಾದರೆ ಕೋಶದ ಗುರುತಿನ ಪ್ರೋಟೀನ್‌ಗೆ ಅಂಟುವ ಪ್ರತಿಕಾಯಗಳ ವಿಧಾನ ಬೇಕು: ಮೆಲನೋಸೈಟ್‌ಗೆ ಮೆಲನ್-ಎ, ಲ್ಯಾಂಗರ್‌ಹಾನ್ಸ್ ಕೋಶಕ್ಕೆ ಸಿಡಿ1ಎ ಆ ಗುರುತಿನ ಪ್ರೋಟೀನ್‌ಗಳು. ಬುಡದಲ್ಲಿಯೇ ಇರುವ, ಸ್ಪರ್ಶಕ್ಕೆ ಸಂಬಂಧಿಸಿದ ಮರ್ಕೆಲ್ ಕೋಶಗಳನ್ನಂತೂ ಈ ಸ್ಲೈಡ್‌ನಲ್ಲಿ ಬೇರ್ಪಡಿಸಿ ಹೇಳಲು ನನ್ನಿಂದಲೂ ಆಗುವುದಿಲ್ಲ. ನಿಮ್ಮ ದಾಖಲೆ ಪುಸ್ತಕದಲ್ಲಿ ಬುಡದವನ್ನು ‘ತಿಳಿ ಕೋಶ, ಬಹುಶಃ ಮೆಲನೋಸೈಟ್’ ಎಂದೂ, ಮೇಲಿನವನ್ನು ಬರೀ ‘ತಿಳಿ ಕೋಶ’ ಎಂದೂ ಬರೆಯಿರಿ.

ಮೊದಲ ಉತ್ತರದ ಒಂದು ಅಂಶಕ್ಕೆ ಸಣ್ಣ ತಿದ್ದುಪಡಿ ಸೂಚಿಸಬಯಸುತ್ತೇನೆ. ಲ್ಯೂಸಿಡಂ ಅಂಗಾಲಿನ ಎಲ್ಲ ಸ್ಲೈಡ್‌ಗಳಲ್ಲಿಯೂ ಕಂಡೇ ಕಾಣುತ್ತದೆ ಎಂಬ ಭರವಸೆ ವಿದ್ಯಾರ್ಥಿಗಳಿಗೆ ಬೇಡ. ಅದನ್ನು ಕಾರ್ನಿಯಂನ ಕೆಳಭಾಗವೆಂದೇ ಪರಿಗಣಿಸುವವರೂ ಇದ್ದಾರೆ, ಬಣ್ಣ ಗಾಢವಾಗಿ ಹಿಡಿದ ಸ್ಲೈಡ್‌ಗಳಲ್ಲಿ ಅದು ಮೇಲಿನ ಗುಲಾಬಿಯಲ್ಲಿ ಕಲೆತುಹೋಗುತ್ತದೆ.

ಉತ್ತರ 1 ಬರೆದವರು

ಆ ತಿದ್ದುಪಡಿಯನ್ನು ಒಪ್ಪುತ್ತೇನೆ, ಇರುತ್ತದೆ ಎಂದು ನಾನು ತುಸು ಖಂಡಿತವಾಗಿ ಬರೆದುಬಿಟ್ಟೆ. ಡಯಾಫ್ರಮನ್ನು ಮುಚ್ಚಿದಾಗ ಆ ಪಟ್ಟಿ ಬೆಳಕನ್ನು ಬೇರೆ ರೀತಿಯಲ್ಲಿ ಬಾಗಿಸಿ ಹೊಳೆದರೆ ಗುರುತಿಸಿ, ಇಲ್ಲವಾದರೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು

ಹೊಳೆಯಿತು, ಆದರೆ ಸ್ಲೈಡ್‌ನ ಎಡಭಾಗದಲ್ಲಿ ಮಾತ್ರ. ಅಷ್ಟನ್ನೇ ಬಿಡಿಸಿದ್ದೇನೆ. ಎಣ್ಣೆ ಮಸೂರ ನಾಳೆ ಸಿಗುತ್ತದೆ, ಮೆಲನಿನ್ ಕೊಡೆಯನ್ನು ಆಗ ನೋಡುತ್ತೇನೆ. ಕೊನೆಯದಾಗಿ ಒಂದು ಸಂದೇಹ: ಅಂಗಾಲಿನ ಕಾರ್ನಿಯಂನಲ್ಲಿ ಅಲ್ಪವಿರಾಮದ ಆಕಾರದ ಸಣ್ಣ ರಂಧ್ರಗಳು ಒಂದರ ಮೇಲೊಂದು ನೆಟ್ಟಗೆ ಸಾಲಾಗಿ ಮೇಲ್ಮೈಯವರೆಗೂ ಹೋಗಿವೆ. ಇವೂ ಅಲಗಿನಿಂದಾದ ಸೀಳುಗಳೇ?

ಉತ್ತರ 2 ಬರೆದವರು

ಅಲ್ಲ, ಅದು ಬೆವರುನಾಳ. ಹೊರಚರ್ಮದೊಳಗೆ ಅದು ತಿರುಪುಮೊಳೆಯಂತೆ ಸುತ್ತುತ್ತ ಮೇಲೇರುತ್ತದೆ. ನಮ್ಮ ಕೊಯ್ತ ಆ ಸುರುಳಿಯ ಪ್ರತಿ ಸುತ್ತನ್ನೂ ಒಂದೊಂದು ಕಡೆ ಕತ್ತರಿಸಿಕೊಂಡು ಹೋಗಿರುವುದರಿಂದ ಒಂದೇ ನಾಳ ರಂಧ್ರಗಳ ಸಾಲಾಗಿ ಕಾಣುತ್ತದೆ. ಅಲಗಿನ ಸೀಳಿಗೆ ಅಂಚು ಹರಿದಿರುತ್ತದೆ, ಇದರ ಅಂಚು ನುಣುಪಾಗಿರುತ್ತದೆ. ಆ ಸಾಲನ್ನು ಹಿಡಿದು ಕೆಳಗಿಳಿಯಿರಿ. ಪ್ಯಾಪಿಲ್ಲಾಗಳ ನಡುವೆ ಇಳಿದ ಏಣಿನ ತುದಿಯಲ್ಲಿ ನಾಳ ಹೊರಚರ್ಮವನ್ನು ಸೇರುವ ಜಾಗ ಸಿಗುತ್ತದೆ, ಅಲ್ಲಿಂದ ಕೆಳಗೆ ಅದರ ಗೋಡೆ ಎರಡು ಸಾಲು ಘನಾಕಾರದ ಕೋಶಗಳದ್ದು.

ಪ್ರಶ್ನೆ ಕೇಳಿದವರು

ಸಿಕ್ಕಿತು. ಎರಡು ಸಾಲು ಕೋಶಗಳೂ ಸ್ಪಷ್ಟವಾಗಿವೆ. ಅದರ ಪಕ್ಕದಲ್ಲಿಯೇ ಪ್ಯಾಪಿಲ್ಲಾವೊಂದು ಬುಡದಿಂದ ತುದಿಯವರೆಗೆ ಉದ್ದಕ್ಕೆ ಬಂದಿದೆ, ಹಾಗಾಗಿ ಚಿತ್ರವನ್ನು ಆ ಜಾಗದಿಂದಲೇ ಹೊಸದಾಗಿ ಬಿಡಿಸುತ್ತಿದ್ದೇನೆ.